ಪೊರೆ ತೆಗೆದ ರಾತ್ರಿಯ ನೋವು

"ಸರ, ಅವ್ವ ರಾತ್ರಿಯೆಲ್ಲಾ ಮಲಗಿಲ್ರಿ. ಎರಡ ಸಲ ವಾಂತಿ ಆತು. ಪಿತ್ತ ಇರಬೇಕಂತ ಸುಮ್ಮನಿದ್ವಿ."

ಬ್ಯಾಡಗಿ ಕಡೆಯ ಅಜ್ಜಿಯೊಬ್ಬರ ಮಗ ಬೆಳಿಗ್ಗೆ ಹೀಗೆ ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ಹಿಂದಿನ ಮಧ್ಯಾಹ್ನ ಹಾವೇರಿಯಲ್ಲಿ ಅವರ ಪೊರೆ ತೆಗೆದವನು ನಾನೇ. ಕಣ್ಣಿನ ಪ್ರೆಶರ್ ನೋಡಿದೆ, 42 mmHg ಇತ್ತು. ಇದು ಬಿಪಿ ಅಲ್ಲ, ಕಣ್ಣೊಳಗಿನ ನೀರಿನ ಒತ್ತಡ. ಸಾಮಾನ್ಯವಾಗಿ 10ರಿಂದ 21ರೊಳಗೆ ಇರುತ್ತದೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಹಬೆ ಹಿಡಿದ ಗಾಜಿನಂತಾಗಿತ್ತು.

ತಪ್ಪು ನನ್ನದು. ಆಪರೇಷನ್ ಮಾಡುವಾಗ ಕಣ್ಣೊಳಗಿನ ಜಾಗ ಕುಸಿಯದಿರಲೆಂದು ಜೆಲ್ ತುಂಬುತ್ತೇವೆ. ಕೊನೆಗೆ ಅದನ್ನು ತೊಳೆದು ತೆಗೆಯಬೇಕು. ಹೊಸದಾಗಿ ಕೂರಿಸಿದ ಲೆನ್ಸಿನ ಮುಂದಿನ ಜೆಲ್ ತೆಗೆದಿದ್ದೆ, ಹಿಂದಿನದು ಉಳಿದಿತ್ತು. ಕಣ್ಣಿನ ನೀರು ಹೊರಗೆ ಹೋಗುವ ಸಣ್ಣ ಜಾಲರಿಯಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ನೀರು ಊರುತ್ತಲೇ ಇರುತ್ತದೆ, ಹೋಗಲು ದಾರಿಯಿಲ್ಲ. ಹೀಗೆ ಪ್ರೆಶರ್ ಜಾಸ್ತಿ ಏರುವುದು ಹೆಚ್ಚಾಗಿ 4ರಿಂದ 8 ಗಂಟೆಯೊಳಗೆ. ಮರುದಿನ ನಾವು ನೋಡುವ ಹೊತ್ತಿಗೆ ರಾತ್ರಿ ಕಳೆದಿರುತ್ತದೆ, ಅಲ್ವಾ?

ಪಕ್ಕದ ಸಣ್ಣ ಕೊಯ್ತದಿಂದ ಸ್ವಲ್ಪ ನೀರು ಬಿಟ್ಟೆ. ಪ್ರೆಶರ್ ಇಳಿಸುವ ಟಿಮೊಲಾಲ್ ಹನಿ ಹಾಕಿದೆ. ಕಿಡ್ನಿ ತೊಂದರೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅದಕ್ಕೇ ಅಸಿಟಜೋಲಮೈಡ್ ಮಾತ್ರೆಯನ್ನೂ ಕೊಟ್ಟೆ. ಮಧ್ಯಾಹ್ನಕ್ಕೆ ನೋವು ಇಳಿಯಿತು. ಆದರೆ ಕಾರ್ನಿಯಾ ತಿಳಿಯಾಗಲು 8 ದಿನ ಬೇಕಾಯಿತು. "ನನ್ನ ಜೋಡಿ ಆಪರೇಷನ್ ಆದಾಕಿಗೆ ಚಂದ ಕಾಣತೈತಿ, ನನಗ್ಯಾಕ ಮಂಜು?" ಎಂದು ಅಜ್ಜಿ ದಿನಾ ಕೇಳುತ್ತಿದ್ದರು. ನನ್ನಿಂದಾಯಿತು ಎಂದೇ ಹೇಳಿದೆ.

ಆಮೇಲೆ, ಆಪರೇಷನ್ ಹೊತ್ತಿಗೆ ಕಣ್ಣೊಳಗೆ ನೀರು ಹರಿಸುವ ಸಲೈನ್ ಬಾಟಲಿಯ ಬಗ್ಗೆಯೂ ಯೋಚಿಸಿದೆ. ಫೇಕೋ, ಅಂದರೆ ಪೊರೆಯನ್ನು ಸೂಜಿಯಿಂದ ಒಡೆದು ಹೀರುವ ಆಪರೇಷನ್ ಮಾಡುವಾಗ ಬಾಟಲಿ ಎಷ್ಟು ಎತ್ತರವೋ ಕಣ್ಣಿಗೆ ಅಷ್ಟು ಒತ್ತಡ. ಕಣ್ಣಿನಿಂದ 100 ಸೆಂಟಿಮೀಟರ್ ಮೇಲಿದ್ದರೆ, ನೀರು ಹರಿಯದೆ ನಿಂತಾಗ ಒಳಗೆ 70 ದಾಟುತ್ತದೆ. ಅಷ್ಟು ಎತ್ತರಿಸುವುದು ಸುಮ್ನೆ ಅಲ್ಲ. ಗಟ್ಟಿ ಪೊರೆಯ ಚೂರು ಸೂಜಿಯ ಬಾಯಿಗೆ ಸಿಕ್ಕಿ ಥಟ್ಟನೆ ಒಳಹೋದರೆ ಕಣ್ಣು ಒಮ್ಮೆಲೇ ಕುಸಿಯುತ್ತದೆ, ಲೆನ್ಸ್ ಕೂರುವ ಚೀಲದ ಹಿಂದಿನ ತೆಳು ಪದರ ಹರಿಯಬಹುದು. ಆ ಹೆದರಿಕೆಗೆ ಬಾಟಲಿ ಮೇಲೆ ಹೋಗುತ್ತದೆ. ಈಗ ನಾನು ಸೂಜಿ ಹೀರುವ ಎಳೆತವನ್ನೇ ಕಡಿಮೆ ಮಾಡಿ, ಬಾಟಲಿ ಇಳಿಸುತ್ತೇನೆ. ಐದು ನಿಮಿಷ ಜಾಸ್ತಿ ಹಿಡಿದರೆ ಹಿಡಿಯಲಿ. ಗ್ಲಾಕೋಮಾ (ಕಣ್ಣಿನ ನರ ನಿಧಾನಕ್ಕೆ ಹಾಳಾಗುವ ರೋಗ) ಇದ್ದವರ ನರ ಮೊದಲೇ ಸೋತಿರುತ್ತದೆ, ಅದಕ್ಕೆ ರಕ್ತ ಹರಿಯುವುದು ನಿಲ್ಲಬಾರದು.

ಹಾಗಂತ ಕಣ್ಣನ್ನು ಮೆತ್ತಗೆ ಬಿಟ್ಟು ಮುಗಿಸುವಂತೆಯೂ ಇಲ್ಲ. ಗಾಯ ಸೋರುತ್ತದೆ, ಸೋಂಕಿಗೆ ದಾರಿಯಾಗುತ್ತದೆ.

ಈಗ ಅದೇ ಸಂಜೆ ಪ್ರೆಶರ್ ನೋಡದೆ ಯಾರನ್ನೂ ಊರಿಗೆ ಕಳಿಸುವುದಿಲ್ಲ. ಮೂರನೇ ವಾರ ಮತ್ತೊಮ್ಮೆ ಕರೆಯುತ್ತೇನೆ, ಏಕೆಂದರೆ ಕೆಲವರಿಗೆ ಆಪರೇಷನ್ ನಂತರ ಕೊಡುವ ಸ್ಟಿರಾಯ್ಡ್ ಹನಿಯಿಂದಲೇ ಪ್ರೆಶರ್ ಏರುತ್ತದೆ, ನೋವೂ ಇರುವುದಿಲ್ಲ. ಹನಿ ಖಾಲಿಯಾಯಿತೆಂದು ಅದೇ ಚೀಟಿ ತೋರಿಸಿ ಅಂಗಡಿಯಲ್ಲಿ ಮತ್ತೆ ಕೊಳ್ಳಬೇಡಿ, ಮೊದಲು ಕಣ್ಣು ತೋರಿಸಿ.