ಲೇಖಕ ಎಲ್ಲಿ ಮುಗಿಯುತ್ತಾನೆ, ಚಿತ್ರಕಾರ ಎಲ್ಲಿ ಶುರುವಾಗುತ್ತಾನೆ: ಕಾಮಿಕ್ಸ್ ಕೂಟ ನಡೆಸಿದ ನನ್ನ ಅನುಭವ

ಕಾಮಿಕ್ಸ್ ಓದುವವರ ಒಂದು ಸಣ್ಣ ಕೂಟವನ್ನು ನಾನು ಬೆಂಗಳೂರಿನಲ್ಲಿ ಕೆಲವು ವರ್ಷಗಳಿಂದ ನಡೆಸಿಕೊಂಡು ಬರುತ್ತಿದ್ದೇನೆ. ತಿಂಗಳಿಗೊಮ್ಮೆ ಯಾರದಾದರೂ ಮನೆಯ ಹಜಾರದಲ್ಲಿ ಸೇರುತ್ತೇವೆ. ಕಾಲೇಜು ಹುಡುಗರು, ಸಾಫ್ಟ್‌ವೇರ್ ಕೆಲಸದವರು, ನಿವೃತ್ತ ಶಿಕ್ಷಕಿಯೊಬ್ಬರು, ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳನ್ನು ವಾರಕ್ಕೊಮ್ಮೆ ಜಾಲಾಡದಿದ್ದರೆ ನಿದ್ದೆ ಬಾರದ ಒಬ್ಬಿಬ್ಬರು, ಹೀಗೆ ಬರುವವರು ತರಹೇವಾರಿ ಜನ. ಪ್ರತಿಯೊಬ್ಬರೂ ತಮಗೆ ಪ್ರಿಯವಾದ ಒಂದು ಪುಸ್ತಕವನ್ನು ತರಬೇಕು ಎಂಬುದಷ್ಟೇ ಮೊದಲಿನ ನಿಯಮವಾಗಿತ್ತು. ಆ ನಿಯಮದಿಂದ ಪುಸ್ತಕಗಳ ಪರಿಚಯವೇನೋ ಆಗುತ್ತಿತ್ತು. ಆದರೆ ಯಾವ ಲೇಖಕ ಹೇಗೆ ಬರೆಯುತ್ತಾನೆ ಎಂಬ ಮಾತು ಬಂದ ಕೂಡಲೇ ಚರ್ಚೆ ಸಂಭಾಷಣೆಯ ಕೆಲವು ಜನಪ್ರಿಯ ಸಾಲುಗಳನ್ನು ಉರು ಹೊಡೆದು ಒಪ್ಪಿಸುವುದರಲ್ಲೇ ನಿಂತುಬಿಡುತ್ತಿತ್ತು.

ಇದಕ್ಕೆ ಕಾರಣವಿದೆ. ಕಾದಂಬರಿಕಾರ ಬರೆದದ್ದೆಲ್ಲವೂ ಓದುಗನ ಕೈಗೆ ಬರುತ್ತದೆ, ಆದರೆ ಕಾಮಿಕ್ಸ್ ಲೇಖಕ ಬರೆದದ್ದರಲ್ಲಿ ಹೆಚ್ಚಿನ ಪಾಲು ಚಿತ್ರಕಾರನಿಗೆ ಕೊಟ್ಟ ಸೂಚನೆಯಾಗಿ ಉಳಿದು ಅಚ್ಚಿಗೆ ಬರುವುದೇ ಇಲ್ಲ. ನಮಗೆ ಕಾಣುವುದು ಬಲೂನಿನೊಳಗಿನ ಮಾತು ಮತ್ತು ಪೆಟ್ಟಿಗೆಯೊಳಗಿನ ನಿರೂಪಣೆ ಮಾತ್ರ. ಹಾಗಾಗಿ ಶೈಲಿಯ ಬಗ್ಗೆ ವಾದಿಸುವವರು ಮೊದಲು ಪುಟದ ಮೇಲೆ ಯಾವುದು ಯಾರ ಕೆಲಸ ಎಂಬುದನ್ನು ಬಿಡಿಸಿಕೊಳ್ಳಬೇಕು. ಅದಕ್ಕಾಗಿ ನಾನು ಕೂಟದಲ್ಲಿ ಒಂದು ಸರಳ ಕ್ರಮವನ್ನು ರೂಢಿಗೆ ತಂದೆ: ಲೇಖಕ ಮತ್ತು ಚಿತ್ರಕಾರ ಇವರಿಬ್ಬರಲ್ಲಿ ಒಬ್ಬರು ಬದಲಾಗದೆ ಇನ್ನೊಬ್ಬರು ಬದಲಾದ ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು. ಲೇಖಕ ಅದೇ ಇದ್ದು ಚಿತ್ರಕಾರ ಬದಲಾದಾಗ ಉಳಿದುಕೊಂಡದ್ದನ್ನು ಲೇಖಕನ ಶೈಲಿ ಎಂದು ತಾತ್ಕಾಲಿಕವಾಗಿ ಒಪ್ಪಿಕೊಳ್ಳುತ್ತೇವೆ. ಚಿತ್ರಕಾರ ಅದೇ ಇದ್ದು ಲೇಖಕ ಹೋದಾಗ ಕಳೆದುಹೋದದ್ದರಿಂದ ಆ ಒಪ್ಪಂದವನ್ನು ಪರೀಕ್ಷಿಸುತ್ತೇವೆ.

ಮೊದಲು ಕೈಗೆತ್ತಿಕೊಂಡದ್ದು ಕಾಡಿನಲ್ಲಿ ನೆಲೆಸಿ ದುಷ್ಟರ ವಿರುದ್ಧ ಹೋರಾಡುವ ಮುಸುಕುಧಾರಿ ವೀರನ ಕಥೆ, ಫ್ಯಾಂಟಮ್. ಸುಧಾ ವಾರಪತ್ರಿಕೆಯಲ್ಲಿ ಅದನ್ನು ಓದಿ ಬೆಳೆದವರು ನಮ್ಮಲ್ಲಿ ಹಲವರಿದ್ದಾರೆ. 1964ರಿಂದ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್‌ನ ಹಳೆಯ ಸಂಚಿಕೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೋಪಾನ ಮಾಡಿದವರೂ ಇದ್ದಾರೆ. ಲೀ ಫಾಕ್ 1936ರಲ್ಲಿ ಆರಂಭಿಸಿದ ಈ ಕಥಾಮಾಲೆಯನ್ನು 1999ರಲ್ಲಿ ತೀರಿಕೊಳ್ಳುವವರೆಗೂ ಬರೆದರು. ಅಷ್ಟರಲ್ಲಿ ಚಿತ್ರಕಾರರು ಬದಲಾಗುತ್ತ ಹೋದರು: ನೆರಳು ತುಂಬಿದ ರೇ ಮೂರ್, ಮಕ್ಕಳ ಚಿತ್ರದಂತೆ ಸಪಾಟಾಗಿ ಬರೆಯುತ್ತಿದ್ದ ವಿಲ್ಸನ್ ಮೆಕಾಯ್, 1961ರ ನಂತರ ಮೂರು ದಶಕಗಳ ಕಾಲ ಅಚ್ಚುಕಟ್ಟಾದ ಗೆರೆಯ ಸೈ ಬ್ಯಾರಿ. ಮೂವರ ಪುಟಗಳನ್ನೂ ಹರಡಿ ನೋಡಿದಾಗ ಉಳಿದುಕೊಂಡದ್ದು ಸ್ಪಷ್ಟವಾಗಿತ್ತು. ‘ಕಾಡಿನ ಹಳೆಯ ಮಾತು’ ಎಂದು ಶುರುವಾಗುವ ನಿರೂಪಣೆಯ ಪೆಟ್ಟಿಗೆ, ಬುರುಡೆಯ ಮೇಲೆ ಕೈಯಿಟ್ಟು ಮಾಡಿದ ಪ್ರತಿಜ್ಞೆಯ ಕಥೆಯನ್ನು ಮತ್ತೆ ಮತ್ತೆ ಹೇಳುವ ಹಟ, ನಾಯಕ ರಂಗಕ್ಕೆ ಬರುವ ಮೊದಲೇ ಬೇರೆಯವರ ಬಾಯಲ್ಲಿ ಅವನ ಕೀರ್ತಿಯನ್ನು ಹಾಡಿಸುವ ಪರಿ, ಇವೆಲ್ಲವೂ ಫಾಕ್ ಅವರದೇ. ಅವರು ನಾಟಕಗಳನ್ನು ಬರೆದು ನಿರ್ದೇಶಿಸುತ್ತಿದ್ದವರು ಎಂಬುದು ತಿಳಿದ ಮೇಲೆ ಈ ಕೊನೆಯ ಗುಣ ನನಗೆ ಇನ್ನಷ್ಟು ಚೆನ್ನಾಗಿ ಅರ್ಥವಾಯಿತು. ಪುನರುಕ್ತಿಯ ಬಗ್ಗೆ ನಮ್ಮ ಹುಡುಗರು ಮೂಗು ಮುರಿದರು. ಆದರೆ ಅದು ದಿನಪತ್ರಿಕೆಯಲ್ಲಿ ದಿನಕ್ಕೆ ಮೂರೋ ನಾಲ್ಕೋ ಚೌಕಗಳಂತೆ ಬಂದ ಕಥೆ. ನಿನ್ನೆಯದನ್ನು ನೆನಪಿಸಿ, ಇಂದಿನದನ್ನು ಹೇಳಿ, ನಾಳೆಗೆ ಕೊಕ್ಕೆ ಹಾಕುವ ಕೆಲಸವನ್ನು ಆ ನಾಲ್ಕು ಚೌಕಗಳೇ ಮಾಡಬೇಕಿತ್ತು. ಪುಸ್ತಕವಾಗಿ ಒಟ್ಟಿಗೆ ಓದುವವರಿಗೆ ಬೇಸರ ತರುವ ಗುಣವೇ ಪತ್ರಿಕೆಯ ಓದುಗರಿಗೆ ಬೇಕಾದದ್ದಾಗಿತ್ತು.

ಇದಕ್ಕೆ ವಿರುದ್ಧವಾದ ಪರೀಕ್ಷೆಗೆ ಆಸ್ಟರಿಕ್ಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ರೋಮನರ ಸೈನ್ಯಕ್ಕೆ ಮಣಿಯದ ಒಂದು ಪುಟ್ಟ ಹಳ್ಳಿಯ ಈ ನಗೆಕಥೆ 1959ರಲ್ಲಿ ಫ್ರಾನ್ಸಿನ ಪಿಲೋಟ್ ಪತ್ರಿಕೆಯಲ್ಲಿ ಶುರುವಾದಾಗ ಬರೆದವರು ರೆನೆ ಗೋಸಿನಿ, ಚಿತ್ರಿಸಿದವರು ಆಲ್ಬೇರ್ ಯುದೆರ್ಜೊ. 1977ರಲ್ಲಿ ಗೋಸಿನಿ ಹಠಾತ್ತನೆ ತೀರಿಕೊಂಡರು. ಆಮೇಲೆ ಯುದೆರ್ಜೊ ಒಬ್ಬರೇ ಬರೆದು ಚಿತ್ರಿಸತೊಡಗಿದರು. ಚಿತ್ರ ಕೆಡಲಿಲ್ಲ, ನನ್ನ ಕಣ್ಣಿಗಂತೂ 1980ರ ದಶಕದ ಅವರ ಗೆರೆ ಮೊದಲಿಗಿಂತಲೂ ಸಮೃದ್ಧವಾಗಿದೆ. ಹಾಗಿದ್ದರೂ ನಮ್ಮ ಕೂಟದಲ್ಲಿ ಅತ್ಯಂತ ಬಿಸಿಯಾದ ವಾದ ನಡೆದದ್ದು ಈ ಎರಡು ಕಾಲಗಳ ಆಸ್ಟರಿಕ್ಸ್ ಕುರಿತೇ.

ಹೋಲಿಕೆಗೆ ನಾವು ಆರಿಸಿಕೊಂಡದ್ದು ‘ಒಬೆಲಿಕ್ಸ್ ಅಂಡ್ ಕೋ’ ಎಂಬ 1976ರ ಪುಸ್ತಕ ಮತ್ತು 1987ರಲ್ಲಿ ಬಂದ ಹಾರುವ ಜಮಖಾನೆಯ ಕಥೆ. ಮೊದಲನೆಯದರಲ್ಲಿ, ಬಲದಿಂದ ಗೆಲ್ಲಲಾಗದ ಹಳ್ಳಿಯನ್ನು ಹಣದಾಸೆಯಿಂದ ಕೆಡಿಸಬಹುದೆಂದು ಯುವ ಅರ್ಥಶಾಸ್ತ್ರಜ್ಞನೊಬ್ಬ ಸೀಸರನಿಗೆ ಸಲಹೆ ಕೊಡುತ್ತಾನೆ. ಯಾವ ಉಪಯೋಗಕ್ಕೂ ಬಾರದ ನಿಲುಗಲ್ಲುಗಳನ್ನು ರೋಮನರು ಏರುತ್ತಿರುವ ಬೆಲೆಗೆ ಕೊಳ್ಳತೊಡಗುತ್ತಾರೆ. ಹಳ್ಳಿಯ ಅರ್ಧ ಜನ ಕಲ್ಲು ಕೆತ್ತುತ್ತ, ಉಳಿದವರು ಅವರಿಗಾಗಿ ಹಂದಿ ಬೇಟೆಯಾಡುತ್ತ ಹೊಸ ಶ್ರೀಮಂತಿಕೆಯ ಜಂಬದಲ್ಲಿ ಜಗಳವಾಡುತ್ತಾರೆ. ಕೊನೆಗೆ ಕಲ್ಲಿನ ರಾಶಿಯ ಭಾರಕ್ಕೆ ರೋಮಿನ ಖಜಾನೆಯೇ ಕುಸಿಯುತ್ತದೆ. ಎರಡನೆಯದರಲ್ಲಿ ಗಂಗಾತೀರದ ರಾಜಕುಮಾರಿಯನ್ನು ಉಳಿಸಲು ಮಳೆ ತರಿಸಬೇಕಾಗಿದೆ, ಹಳ್ಳಿಯ ಬೇಸೂರಿನ ಕವಿ ಹಾಡಿದರೆ ಮಳೆ ಬರುತ್ತದೆ, ಅದಕ್ಕಾಗಿ ಫಕೀರನ ಜಮಖಾನೆಯ ಮೇಲೆ ಪ್ರಯಾಣ. ಕಥೆ ಭಾರತಕ್ಕೆ ಬಂದಿದೆ ಎಂಬ ಪ್ರೀತಿಯಿಂದ ನಮ್ಮಲ್ಲಿ ಕೆಲವರು ಎರಡನೆಯದರ ಪರ ನಿಂತರು. ಅವರ ವಾದವೂ ತೆಗೆದುಹಾಕುವಂಥದ್ದಲ್ಲ: ಪುಟಗಳು ಕಣ್ಣಿಗೆ ಹಬ್ಬ, ಮಕ್ಕಳಿಗೆ ಎಲ್ಲಿಯೂ ತೊಡಕಿಲ್ಲ.

ನನ್ನ ಅಭಿಪ್ರಾಯ ಬೇರೆ. ಗೋಸಿನಿಯವರ ಜಗತ್ತಿನಲ್ಲಿ ಅಸಾಧ್ಯವಾದ ಸಂಗತಿ ಮುಖ್ಯವಾಗಿ ಒಂದೇ, ಅದು ಕುಡಿದವರಿಗೆ ಅಪಾರ ಬಲ ಕೊಡುವ ಮಾಂತ್ರಿಕ ಮದ್ದು; ಉಳಿದುದೆಲ್ಲವೂ ಮನುಷ್ಯರ ಆಸೆ, ಮತ್ಸರ, ಒಣಜಂಬಗಳಿಂದಲೇ ನಡೆಯುತ್ತದೆ. 1972ರ ಪುಸ್ತಕದಲ್ಲಿ ಭವಿಷ್ಯ ಹೇಳುವವನೊಬ್ಬ ಬಂದರೂ ಅವನು ಶುದ್ಧ ಮೋಸಗಾರ. ಯುದೆರ್ಜೊ ಒಬ್ಬರೇ ಬರೆಯತೊಡಗಿದ ಮೇಲೆ ಜಮಖಾನೆ ನಿಜವಾಗಿಯೇ ಹಾರುತ್ತದೆ, 2005ರಲ್ಲಿ ಅನ್ಯಗ್ರಹದ ಜೀವಿಗಳೂ ಇಳಿಯುತ್ತವೆ. ಅಸಾಧ್ಯಗಳು ಹೆಚ್ಚಿದಷ್ಟೂ ನಗೆ ತೆಳುವಾಗುತ್ತ ಹೋಯಿತು. ಬಲೂನುಗಳನ್ನಷ್ಟೇ ಓದುತ್ತಿದ್ದಾಗ ಗೋಸಿನಿಯವರ ಶಕ್ತಿ ಶ್ಲೇಷೆಯಲ್ಲಿದೆ ಎಂದು ನಮ್ಮಲ್ಲಿ ಬಹುಮಂದಿ ನಂಬಿದ್ದರು. ಚಿತ್ರಕಾರ ಅವರೇ ಇದ್ದ ಪುಟಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ, ಅವರ ಶೈಲಿಯ ಬೇರು ಒಂದು ಸುಳ್ಳನ್ನು ಮಾತ್ರ ಒಪ್ಪಿಕೊಂಡು ಉಳಿದದ್ದನ್ನು ತರ್ಕಬದ್ಧವಾಗಿ ಬೆಳೆಸುವ ಶಿಸ್ತಿನಲ್ಲಿದೆ ಎಂಬುದನ್ನು ಜಮಖಾನೆಯ ಪರ ನಿಂತಿದ್ದವರೂ ಒಪ್ಪಿದರು, ಪುಸ್ತಕವನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಅಮೆರಿಕದ ಸೂಪರ್‌ಹೀರೊ ಕಥೆಗಳಿಗೆ ಬಂದಾಗ ಕೆಲಸ ಜಟಿಲವಾಗುತ್ತದೆ. (ಅಲ್ಲಿನ ಎರಡು ದೊಡ್ಡ ಪ್ರಕಾಶನಗಳಲ್ಲಿ ಡಿಸಿ ಮೇಲೋ ಮಾರ್ವೆಲ್ ಮೇಲೋ ಎಂಬ ಜಗಳವನ್ನು ನಾನು ಕಾಫಿಯ ಬಿಡುವಿಗೆ ಮೀಸಲಿಟ್ಟಿದ್ದೇನೆ, ಅದನ್ನು ತಡೆಯಲು ಹೋಗುವುದು ವ್ಯರ್ಥ.) 1960ರ ದಶಕದ ಮಾರ್ವೆಲ್‌ನಲ್ಲಿ ಲೇಖಕ ಸ್ಟಾನ್ ಲೀ ಕಥೆಯ ಎಳೆಯನ್ನಷ್ಟೇ ಹೇಳುತ್ತಿದ್ದರು; ಚಿತ್ರಕಾರ ಅದನ್ನು ಇಡೀ ಸಂಚಿಕೆಯಾಗಿ ಬೆಳೆಸಿ ಚಿತ್ರಿಸುತ್ತಿದ್ದರು; ಆಮೇಲೆ ಲೀ ಮಾತು ತುಂಬುತ್ತಿದ್ದರು. ನಾಲ್ವರು ಸೂಪರ್‌ಹೀರೊಗಳ ‘ಫೆಂಟಾಸ್ಟಿಕ್ ಫೋರ್’ ಮಾಲೆಯ 48ರಿಂದ 50ನೇ ಸಂಚಿಕೆಗಳಲ್ಲಿ, ಅಂದರೆ 1966ರಲ್ಲಿ, ಗ್ರಹಗಳನ್ನು ನುಂಗುವ ಗೆಲಾಕ್ಟಸ್ ಬರುವ ಕಥೆಯಿದೆ. ಅದರಲ್ಲಿ ಬರುವ ಸಿಲ್ವರ್ ಸರ್ಫರ್ ಎಂಬ ಪಾತ್ರ ಲೀ ಹೇಳಿದ ಎಳೆಯಲ್ಲಿ ಇರಲೇ ಇಲ್ಲ. ಇಂಥ ಮಹಾಶಕ್ತಿಗೆ ಒಬ್ಬ ದೂತ ಬೇಕೆಂದು ಚಿತ್ರಕಾರ ಜಾಕ್ ಕರ್ಬಿ ತಾವೇ ಆ ಪಾತ್ರವನ್ನು ಚಿತ್ರಿಸಿ ಕಳುಹಿಸಿದ್ದರು. ಹಾಗಾದರೆ ಆ ಕಥೆಯ ಲೇಖಕ ಯಾರು? ಆ ಮೂರು ಸಂಚಿಕೆಗಳ ಬಲೂನುಗಳ ಮೇಲೆ ಅಂಟುಚೀಟಿ ಹಚ್ಚಿ, ಅವುಗಳನ್ನು ಮೊದಲು ಓದಿರದ ಇಬ್ಬರು ಹುಡುಗರಿಗೆ ಕೊಟ್ಟೆವು. ಅವರು ಕಥೆಯನ್ನು ಬಹುಪಾಲು ಸರಿಯಾಗಿಯೇ ಹೇಳಿದರು. ಹೇಳಲಾಗದೆ ಹೋದದ್ದು ಪಾತ್ರಗಳ ನಡುವಿನ ಕೀಟಲೆ, ಮುನಿಸು, ತಮ್ಮ ಮೇಲೆಯೇ ಅವರಿಗಿದ್ದ ಅನುಮಾನ. ಲೀ ಅವರ ಶೈಲಿ ಎಂದು ಮಾತನಾಡುವುದಾದರೆ ಅದು ಕಥಾಹಂದರವಲ್ಲ, ಈ ಸಂಸಾರವಂದಿಗರ ಧಾಟಿ ಎಂಬುದು ಆ ದಿನ ನಾವು ತಲುಪಿದ ತೀರ್ಮಾನ. ಅಂಟುಚೀಟಿಯ ಪ್ರಯೋಗ ಅಷ್ಟು ಫಲ ಕೊಟ್ಟಿದ್ದರಿಂದ ಈಗ ಹೊಸಬರಿಗೆ ಮೊದಲು ಮಾಡಿಸುವುದೇ ಅದನ್ನು. ಹಳೆಯ ಕಾಗದವಾದರೆ ನೇರವಾಗಿ ಅಂಟಿಸದೆ ಮೇಲೆ ಪಾರದರ್ಶಕ ಹಾಳೆಯಿಟ್ಟು ಅಂಟಿಸಬೇಕು.

ಇನ್ನೊಂದು ತುದಿಯಲ್ಲಿ ಬ್ರಿಟಿಷ್ ಲೇಖಕ ಆಲನ್ ಮೂರ್ ಇದ್ದಾರೆ. 1986–87ರಲ್ಲಿ ಹನ್ನೆರಡು ಸಂಚಿಕೆಗಳಾಗಿ ಬಂದ ‘ವಾಚ್‌ಮೆನ್’ ಎಂಬ ಸೂಪರ್‌ಹೀರೊ ಕಥೆಯ ಮೊದಲ ಸಂಚಿಕೆಗೆ ಅವರು ಬರೆದು ಕಳುಹಿಸಿದ ಸೂಚನೆಗಳು ಸುಮಾರು ನೂರು ಪುಟ ಇದ್ದವೆಂದು ಚಿತ್ರಕಾರ ಡೇವ್ ಗಿಬ್ಬನ್ಸ್ ಹೇಳಿಕೊಂಡಿದ್ದಾರೆ. ಇದನ್ನು ಕೇಳಿದವರು ಪುಟದ ಮೇಲಿರುವುದೆಲ್ಲವೂ ಮೂರ್ ಅವರದೇ ಎಂದುಕೊಳ್ಳುವುದು ಸಹಜ. ಆದರೆ ಆ ಪುಸ್ತಕದ ಗುರುತೇ ಆಗಿಹೋಗಿರುವ ಒಂಬತ್ತು ಚೌಕಗಳ ಪುಟವಿನ್ಯಾಸವನ್ನು ಆರಿಸಿಕೊಂಡವರು ಗಿಬ್ಬನ್ಸ್. ಮೂರ್ ಅದನ್ನು ಸ್ವೀಕರಿಸಿ ಆ ಲಯಕ್ಕೆ ತಕ್ಕಂತೆ ಬರೆದರು. ಐದನೆಯ ಸಂಚಿಕೆಯನ್ನು ನಾವು ಹಿಂದಿನಿಂದಲೂ ಮುಂದಿನಿಂದಲೂ ಏಕಕಾಲಕ್ಕೆ ಓದಿದೆವು: ಮೊದಲ ಪುಟದ ವಿನ್ಯಾಸ ಕೊನೆಯ ಪುಟದ್ದಕ್ಕೆ ಕನ್ನಡಿ, ಎರಡನೆಯದು ಕೊನೆಯಿಂದ ಎರಡನೆಯದಕ್ಕೆ, ಹೀಗೆ ಸಾಗಿ 14 ಮತ್ತು 15ನೇ ಪುಟಗಳ ನಡುವಿನ ಮಡಿಕೆಯಲ್ಲಿ ಇಡೀ ಸಂಚಿಕೆ ಮಡಚಿಕೊಳ್ಳುತ್ತದೆ. ನಮ್ಮ ಶಿಕ್ಷಕಿ ಮೇಡಂ ಇದನ್ನು ಅಕ್ಷರಗಳನ್ನು ಚಿತ್ರದ ಆಕಾರದಲ್ಲಿ ಜೋಡಿಸಿ ಬರೆಯುವ ಚಿತ್ರಬಂಧದ ಪದ್ಯಗಳಿಗೆ ಹೋಲಿಸಿ, ಕಸರತ್ತು ಮೆಚ್ಚುವಂಥದ್ದೇ, ಆದರೆ ಓದುವಾಗ ಯಾರಿಗೆ ಕಾಣುತ್ತದೆ ಎಂದು ಕೇಳಿದರು. ಸಂಚಿಕೆ ನೋಡುವುದಕ್ಕೆ ಬಿಗಿಯಾಗಿ ಬಂಧಿಸಿಟ್ಟಂತೆ ಅನಿಸುವುದು ಆ ಕಸರತ್ತಿನಿಂದಲೇ ಎಂಬುದು ನನ್ನ ಉತ್ತರವಾಗಿತ್ತು. ಅದೇ ಮೂರ್ ಎಡ್ಡಿ ಕ್ಯಾಂಪ್‌ಬೆಲ್ ಅವರ ಗೀಚುಗೆರೆಯ ಚಿತ್ರಗಳೊಂದಿಗೆ ಮಾಡಿದ ‘ಫ್ರಮ್ ಹೆಲ್’ ಅನ್ನು ಪಕ್ಕದಲ್ಲಿಟ್ಟಾಗ ಮುಖಗಳು, ನೆರಳುಗಳು, ಗಾಳಿಯೇ ಬೇರೆಯಾದವು. ಆದರೆ ವಿವರಗಳನ್ನೆಲ್ಲ ಒಂದು ವಿನ್ಯಾಸದೊಳಗೆ ಕೂಡಿಸಿ ಬಿಗಿಯುವ ಹಂಬಲ ಹಾಗೆಯೇ ಉಳಿಯಿತು.

ಫ್ರಾಂಕ್ ಮಿಲ್ಲರ್ ಅವರ ವಿಷಯದಲ್ಲಿ ಬ್ಯಾಟ್‌ಮನ್‌ನ ಎರಡು ಕಥೆಗಳೇ ಸಾಕು. 1986ರ ‘ಡಾರ್ಕ್ ನೈಟ್ ರಿಟರ್ನ್ಸ್’ ಕಥೆಯನ್ನು ಅವರೇ ಬರೆದು ಚಿತ್ರಿಸಿದರು. ಮರುವರ್ಷದ ‘ಇಯರ್ ಒನ್’ ಕಥೆಯನ್ನು ಬರೆದದ್ದು ಅವರು, ಚಿತ್ರಿಸಿದ್ದು ಡೇವಿಡ್ ಮಾಟ್ಸುಕೆಲ್ಲಿ. ಮೊದಲನೆಯದು ಹದಿನಾರು ಪುಟ್ಟ ಚೌಕಗಳಲ್ಲಿ ಟಿವಿ ಪರದೆಗಳೂ ಜನರ ಗದ್ದಲವೂ ಕಿಕ್ಕಿರಿದ ಪುಟ. ಎರಡನೆಯದು ಉಸಿರಾಡಲು ಜಾಗ ಬಿಟ್ಟ ಪುಟ. ಎರಡರಲ್ಲೂ ಉಳಿಯುವುದು ತುಂಡು ವಾಕ್ಯಗಳ ಸ್ವಗತ, ಮೋಡದಾಕಾರದ ಯೋಚನೆಯ ಬಲೂನಿಗೆ ಬದಲಾಗಿ ಪೆಟ್ಟಿಗೆಯೊಳಗೆ ಪಾತ್ರವೇ ಆಡುವ ಮಾತು. ಇವೆರಡರಲ್ಲಿ ನನಗೆ ಇಷ್ಟ ‘ಇಯರ್ ಒನ್’. ಮಿಲ್ಲರ್ ಅವರ ಬಿರುಸಿಗೆ ಇನ್ನೊಬ್ಬರ ಸಂಯಮ ಕಡಿವಾಣ ಹಾಕಿದಾಗ ಬರಹ ಹೆಚ್ಚು ಸೊಗಸುತ್ತದೆ ಎಂಬುದು ನನ್ನ ಗ್ರಹಿಕೆ, ಕೂಟದ ಕಿರಿಯರು ಇದನ್ನು ಒಪ್ಪುವುದಿಲ್ಲ.

ಲೇಖಕ, ಚಿತ್ರಕಾರ ಇಬ್ಬರೂ ಬದಲಾಗಿ ಪುಟ ಮಾತ್ರ ಅದೇ ಆಗಿ ಉಳಿದರೆ? ಅಮರ ಚಿತ್ರಕಥೆ ನಮ್ಮ ಮುಂದೆ ಇಟ್ಟ ಪ್ರಶ್ನೆ ಇದು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಸಂಪಾದಿಸಿದ ಈ ಮಾಲೆಯಲ್ಲಿ ಕಮಲಾ ಚಂದ್ರಕಾಂತ್, ಸುಬ್ಬಾ ರಾವ್ ಮುಂತಾದವರು ಬರೆದಿದ್ದಾರೆ. ರಾಮ್ ವಾಯೀರ್ಕರ್, ಪ್ರತಾಪ್ ಮುಳಿಕ್, ದಿಲೀಪ್ ಕದಂ ಮುಂತಾದವರು ಚಿತ್ರಿಸಿದ್ದಾರೆ. ಹಾಗಿದ್ದೂ ನಿರೂಪಣೆಯ ಧಾಟಿಯಲ್ಲಿ ಅಚ್ಚರಿಯ ಏಕರೂಪತೆಯಿದೆ, ಮತ್ತು ಅದು ಸಂಪಾದಕರ ಕೈ. ಒಂದು ಇಡೀ ಜೀವನವನ್ನು ಮೂವತ್ತೆರಡು ಪುಟಗಳಲ್ಲಿ ಮುಗಿಸಬೇಕಾದ್ದರಿಂದ ನಿರೂಪಣೆಯ ಪೆಟ್ಟಿಗೆ ಪದೇ ಪದೇ ವರ್ಷಗಳನ್ನು ದಾಟಿಸಬೇಕಾಗುತ್ತದೆ. ನಾನು ತಕರಾರೆತ್ತಿದ್ದು ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಹೇಳುವ ಪೆಟ್ಟಿಗೆಗಳ ಬಗ್ಗೆ. ಮೇಡಂ ಇದನ್ನು ಪರೀಕ್ಷಿಸಲು ತಮ್ಮ ಬೀದಿಯ ಮಕ್ಕಳಿಗೆ ಒಂದು ಸಂಚಿಕೆಯನ್ನು ಪೆಟ್ಟಿಗೆಗಳನ್ನು ಬಿಟ್ಟು ಓದಿ ಹೇಳಿದರು. ಕಾಲವನ್ನು ದಾಟಿಸುವ ಪೆಟ್ಟಿಗೆ ಇಲ್ಲದೆಡೆ ಮಕ್ಕಳು ತಡೆದು ಪ್ರಶ್ನೆ ಕೇಳಿದರಂತೆ. ಚಿತ್ರವನ್ನೇ ವಿವರಿಸುವ ಪೆಟ್ಟಿಗೆಗಳು ಹೋದದ್ದು ಯಾರ ಗಮನಕ್ಕೂ ಬರಲಿಲ್ಲವಂತೆ. ನನ್ನ ವಾದ ಗೆದ್ದಿತೆಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು: ಕೇಳುವ ಮಗುವಿಗೆ ಆ ಪೆಟ್ಟಿಗೆ ಬೇಡವಾದರೂ, ಅಕ್ಷರ ಕೂಡಿಸಿ ಓದಲು ಕಲಿಯುತ್ತಿರುವ ಮಗುವಿಗೆ ಬೇಕು, ಚಿತ್ರ ನೋಡಿ ಪದವನ್ನು ಊಹಿಸಿಕೊಳ್ಳಲು ಅದೇ ಆಸರೆ. ಮುಂದಿನ ಬಾರಿ ಎರಡನೆಯ ತರಗತಿಯ ಮಕ್ಕಳ ಕೈಗೇ ಪುಸ್ತಕ ಕೊಟ್ಟು, ಒಂದು ಗುಂಪಿಗೆ ಆ ಪೆಟ್ಟಿಗೆಗಳನ್ನು ಮುಚ್ಚಿ, ಇನ್ನೊಂದಕ್ಕೆ ತೆರೆದಿಟ್ಟು ಗಟ್ಟಿಯಾಗಿ ಓದಿಸುವುದೆಂದು ನಿರ್ಧರಿಸಿದ್ದೇವೆ. ಸಂಚಿಕೆಯ ಆಯ್ಕೆಯನ್ನು ಮೇಡಂ ನನಗೆ ಬಿಟ್ಟಿಲ್ಲ.