ಕತ್ತಿನ ಗಂಟು ಕರಗದಿದ್ದರೆ ಏನು ಮಾಡಬೇಕು?

ಕತ್ತಿನ ಪಕ್ಕದಲ್ಲಿ ಒಂದು ಗಂಟು. ಮುಟ್ಟಿದರೆ ನೋವಿಲ್ಲ. ನೋವೇ ಇಲ್ಲ ಅಂದಮೇಲೆ ಡಾಕ್ಟರ್ ಹತ್ತಿರ ಯಾಕೆ ಅಂತ ಸುಮ್ಮನಾಗುವವರೇ ಜಾಸ್ತಿ. ಕಾಫಿ ಕುಯ್ಲು ಮುಗೀಲಿ, ಆಮೇಲೆ ಮೆಣಸು ಮುಗೀಲಿ ಅಂತ ದಿನ ತಳ್ಳುತ್ತಾರೆ. ಆದರೆ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್, ಬಹಳ ಸಲ ಶುರುವಾಗುವುದೇ ಹೀಗೆ ನೋವಿಲ್ಲದೆ. ಬೇಗ ಸರಿಯಾಗಿ ಪತ್ತೆಯಾದರೆ ಇದರ ಎಷ್ಟೋ ಬಗೆಗಳು ಪೂರ್ತಿ ವಾಸಿಯಾಗುತ್ತವೆ. ಆದ್ದರಿಂದಲೇ ಇಲ್ಲಿ ಚಿಕಿತ್ಸೆಗಿಂತ ಪತ್ತೆಯ ಬಗ್ಗೆಯೇ ಹೆಚ್ಚು ಬರೆಯುತ್ತಿದ್ದೇನೆ.

ನಮ್ಮ ಮೈಯಲ್ಲಿ ರಕ್ತನಾಳಗಳ ಜೊತೆಗೆ ದುಗ್ಧರಸ (ಲಿಂಫ್ ಎಂಬ ತಿಳಿ ದ್ರವ) ಹರಿಯುವ ಇನ್ನೊಂದು ನಾಳಗಳ ಜಾಲ ಇದೆ. ದಾರಿಯುದ್ದಕ್ಕೂ ನೂರಾರು ಸಣ್ಣ ಗ್ರಂಥಿಗಳಿವೆ. ಮಳೆನೀರಿನ ಜೊತೆ ಕೊಚ್ಚಿಹೋಗುವ ಮಣ್ಣನ್ನು ತೋಟದ ತೊಟ್ಟಿಲು ಗುಂಡಿ ಹಿಡಿಯುವ ಹಾಗೆ, ಈ ಗ್ರಂಥಿಗಳು ಸೋಂಕನ್ನು ಹಿಡಿದು ನಿಲ್ಲಿಸುತ್ತವೆ. ಆ ಕೆಲಸ ಮಾಡುವ ಬಿಳಿ ರಕ್ತಕಣಗಳಿಗೆ ಲಿಂಫೋಸೈಟ್ ಎಂದು ಹೆಸರು. ಅವೇ ಹತೋಟಿ ತಪ್ಪಿ ಬೆಳೆದರೆ ಲಿಂಫೋಮಾ.

ಮೊದಲು: ಯಾವ ಗಂಟಿಗೆ ಹೆದರಬೇಕು?

ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಇಂಬಳ ಕಚ್ಚಿದ ಜಾಗ ಕೆರೆದು ಹುಣ್ಣಾದರೆ ತೊಡೆಸಂದಿಯಲ್ಲಿ ಗಂಟು ಬರುತ್ತದೆ. ಹಲ್ಲು ಹುಳುಕಾದರೆ ದವಡೆಯ ಕೆಳಗೆ ಬರುತ್ತದೆ. ಇಂಥವು ಸಾಮಾನ್ಯವಾಗಿ ನೋಯುತ್ತವೆ, ಎರಡು ಮೂರು ವಾರದಲ್ಲಿ ಇಳಿಯುತ್ತವೆ.

ಮೂರು ನಾಲ್ಕು ವಾರವಾದರೂ ಇಳಿಯದ, ಬೆಳೆಯುತ್ತಲೇ ಇರುವ, ರಬ್ಬರ್ ಥರ ಗಟ್ಟಿಯಿರುವ ಗಂಟನ್ನು ತೋರಿಸಲೇಬೇಕು. ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಗಂಟು ಬಂದರೆ ಕಾಯುವುದೇ ಬೇಡ. ಜೊತೆಗೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಕಾರಣ ಗೊತ್ತಾಗದ ಜ್ವರ ಬಂದು ಹೋಗುತ್ತಿದೆಯೇ? ರಾತ್ರಿ ಬಟ್ಟೆ ಬದಲಿಸುವಷ್ಟು ಬೆವರುತ್ತೀರಾ? ಆರು ತಿಂಗಳಲ್ಲಿ ಮೈತೂಕ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿದಿದೆಯೇ? ಯಾವುದಕ್ಕಾದರೂ ಹೌದು ಎಂದಾದರೆ ಅದನ್ನೂ ಡಾಕ್ಟರಿಗೆ ಹೇಳಿ.

ಆಮೇಲೆ: ಗಂಟನ್ನು ಪೂರ್ತಿ ತೆಗೆಸಿ ಪರೀಕ್ಷೆ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಸಾಮಾನ್ಯವಾಗಿ ಮೊದಲು ಸೂಜಿ ಚುಚ್ಚಿ ಒಂದಿಷ್ಟು ಕಣ ಎಳೆದು ನೋಡುತ್ತಾರೆ. ಇದೇ ಎಫ್‌ಎನ್‌ಎಸಿ. ಲಿಂಫೋಮಾದ ಮಟ್ಟಿಗೆ ಇದು ಸಾಲದು. ಗ್ರಂಥಿಯೊಳಗೆ ಕಣಗಳು ಹೇಗೆ ಜೋಡಣೆಯಾಗಿವೆ ಎಂದು ನೋಡಿಯೇ ಬಗೆ ಹೇಳಬೇಕು, ಸೂಜಿಯಲ್ಲಿ ಆ ಜೋಡಣೆ ಉಳಿಯುವುದಿಲ್ಲ. ಸೂಜಿ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಆದರೆ ಗಂಟು ಮಾತ್ರ ಹಾಗೇ ಇದೆ ಅಂದರೆ ನಿರಾಳರಾಗಬೇಡಿ. 'ಪೂರ್ತಿ ಗಂಟು ತೆಗೆದು ಬಯಾಪ್ಸಿ ಮಾಡಬಹುದಾ ಸಾರ್?' ಎಂದು ಕೇಳಿ. ಕತ್ತಿನಲ್ಲೋ ಕಂಕುಳಲ್ಲೋ ಕೈಗೆ ಸಿಗುವ ಗಂಟಾದರೆ ಸಣ್ಣ ಆಪರೇಷನ್ ಅಷ್ಟೇ.

ಬಯಾಪ್ಸಿಗೆ ಮೊದಲು ಎರಡು ತಪ್ಪು ಆಗದಂತೆ ನೋಡಿಕೊಳ್ಳಿ. ಒಂದು, ಸ್ಟೀರಾಯ್ಡ್. ಸುಸ್ತು, ಜ್ವರ ಅಂತ ಹೋದಾಗ ಡೆಕ್ಸಾ ಇಂಜೆಕ್ಷನ್ ಅಥವಾ ಪ್ರೆಡ್ನಿಸೋಲೋನ್ ಮಾತ್ರೆ ಕೊಡುವುದುಂಟು. ಅದಕ್ಕೆ ಲಿಂಫೋಮಾ ಗಂಟು ಕೆಲವು ದಿನ ಕರಗುತ್ತದೆ. ಆ ಹೊತ್ತಿನಲ್ಲಿ ಬಯಾಪ್ಸಿ ಮಾಡಿದರೆ ರೋಗ ಕಾಣದೆ ಹೋಗಬಹುದು. ಇನ್ನೊಂದು, ಪುರಾವೆ ಇಲ್ಲದೆ ಟಿಬಿ ಮಾತ್ರೆ. ನಮ್ಮ ದೇಶದಲ್ಲಿ ಕತ್ತಿನ ಗಂಟಿಗೆ ಟಿಬಿ ದೊಡ್ಡ ಕಾರಣ, ನಿಜ. ಜ್ವರ, ಬೆವರು, ತೂಕ ಇಳಿಯುವುದು ಎರಡರಲ್ಲೂ ಇರುತ್ತದೆ. ಅದಕ್ಕೇ ಊಹೆಯ ಮೇಲೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿ, ಅಷ್ಟರಲ್ಲಿ ಲಿಂಫೋಮಾ ಬೆಳೆದುಬಿಡುತ್ತದೆ. ಎರಡನ್ನೂ ಒಂದೇ ಆಪರೇಷನ್‌ನಲ್ಲಿ ಪರೀಕ್ಷಿಸಬಹುದು. ತೆಗೆದ ಗಂಟಿನ ಒಂದು ಭಾಗ ಫಾರ್ಮಾಲಿನ್ (ಕೆಡದಂತೆ ಇಡುವ ದ್ರವ) ಹಾಕಿ ಬಯಾಪ್ಸಿಗೆ, ಇನ್ನೊಂದು ಚೂರು ಸಲೈನ್‌ನಲ್ಲಿ ಟಿಬಿ ಪರೀಕ್ಷೆಗೆ ಹೋಗಬೇಕು. ಪೂರ್ತಿ ಫಾರ್ಮಾಲಿನ್‌ಗೆ ಹಾಕಿದರೆ ಟಿಬಿ ರೋಗಾಣುವನ್ನು ಬೆಳೆಸಿ ನೋಡಲು ಆಗುವುದಿಲ್ಲ. ಆಪರೇಷನ್‌ಗೆ ಮೊದಲೇ ಸರ್ಜನ್‌ಗೆ ಇದನ್ನು ನೆನಪಿಸಿ, ಸಂಕೋಚ ಬೇಡ.

ರಿಪೋರ್ಟ್ ಬಂದ ಮೇಲೆ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಗಂಟಿನ ತುಂಡು ಇರುವುದು ಆ ಬ್ಲಾಕ್‌ನಲ್ಲೇ. ಬಗೆಯನ್ನು ಖಚಿತ ಮಾಡುವ ಐಎಚ್‌ಸಿ ಪರೀಕ್ಷೆಗೆ ಬೆಂಗಳೂರಿನಲ್ಲಿ ಅದನ್ನೇ ಕೇಳುತ್ತಾರೆ.

ರಿಪೋರ್ಟ್ ಓದುವಾಗ

ದೊಡ್ಡ ಗುಂಪು ಎರಡು. ಒಂದು ಹಾಡ್ಜ್‌ಕಿನ್ ಲಿಂಫೋಮಾ. 1832ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಹಾಡ್ಜ್‌ಕಿನ್ ಇದನ್ನು ಮೊದಲು ವಿವರಿಸಿದರು. ಹರೆಯದವರಲ್ಲೂ ಬರುತ್ತದೆ, ಬಹುಪಾಲು ಜನರಲ್ಲಿ ವಾಸಿಯಾಗುತ್ತದೆ. ಉಳಿದದ್ದೆಲ್ಲ ನಾನ್-ಹಾಡ್ಜ್‌ಕಿನ್. ಅದರಲ್ಲಿ ಹತ್ತಾರು ಬಗೆ. ಕೆಲವು ವಾರಗಳಲ್ಲೇ ಬೆಳೆಯುತ್ತವೆ, ಕೆಲವಕ್ಕೆ ವರ್ಷಗಟ್ಟಲೆ ಔಷಧಿಯೇ ಬೇಡ, ಗಮನಿಸುತ್ತಿದ್ದರೆ ಸಾಕು.

ಸ್ಟೇಜ್, ಅಂದರೆ ರೋಗ ಎಷ್ಟು ಹರಡಿದೆ ಎಂದು ತಿಳಿಯಲು ಪೆಟ್ ಸಿಟಿ ಸ್ಕ್ಯಾನ್ ಮಾಡುತ್ತಾರೆ. ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಒಂದೇ ಪಕ್ಕದಲ್ಲಿದ್ದರೆ ಸ್ಟೇಜ್ 1 ಅಥವಾ 2, ಎರಡೂ ಪಕ್ಕದಲ್ಲಿದ್ದರೆ 3, ಮೂಳೆಮಜ್ಜೆ, ಪಿತ್ತಜನಕಾಂಗದಂಥ ಕಡೆ ಹರಡಿದ್ದರೆ 4. ನಾಲ್ಕು ಎಂದ ತಕ್ಷಣ ಕೈಚೆಲ್ಲಬೇಡಿ. ಬೇರೆ ಎಷ್ಟೋ ಕ್ಯಾನ್ಸರ್‌ಗಳ ನಾಲ್ಕನೇ ಸ್ಟೇಜ್‌ಗೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಇಲ್ಲಿ ಆಗಲೂ ವಾಸಿಯಾಗುವವರು ಅನೇಕರು.

ತೋಟದವರು ಕೇಳುವ ಇನ್ನೊಂದು ಪ್ರಶ್ನೆ ಗಿಡಕ್ಕೆ ಔಷಧಿ ಹೊಡೆಯುವುದರ ಬಗ್ಗೆ. ಅರೇಬಿಕಾ ಕಾಫಿಯ ಕಾಂಡಕೊರಕ ಹುಳಕ್ಕೆ ಹಿಂದೆ ಲಿಂಡೇನ್ ಎಂಬ ಕೀಟನಾಶಕ ಬಳಿಯುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು ನಾನ್-ಹಾಡ್ಜ್‌ಕಿನ್ ಲಿಂಫೋಮಾ ತರುವ ವಸ್ತು ಎಂದು ಹೇಳಿತು. ಭಾರತದಲ್ಲಿ 2013ರಿಂದ ಅದರ ಬಳಕೆಗೆ ನಿಷೇಧವಿದೆ. ಹಳೆ ಗೋಡೌನ್ ಮೂಲೆಯಲ್ಲಿ ಡಬ್ಬ ಉಳಿದಿದ್ದರೆ ಬಳಸಬೇಡಿ. ಹಾಗಂತ ಒಬ್ಬರಿಗೆ ಬಂದ ರೋಗಕ್ಕೆ ಇದೇ ಕಾರಣ ಎಂದು ಬೊಟ್ಟು ಮಾಡಲು ಆಗುವುದಿಲ್ಲ. ಬಹಳ ಮಂದಿಯಲ್ಲಿ ಕಾರಣ ಗೊತ್ತೇ ಆಗುವುದಿಲ್ಲ. ಇದು ಅಂಟುರೋಗವಲ್ಲ, ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ.

ಚಿಕಿತ್ಸೆ, ಖರ್ಚು

ಮುಖ್ಯ ಚಿಕಿತ್ಸೆ ಕೀಮೋ. ಬಿ ಲಿಂಫೋಸೈಟ್ ಎಂಬ ಕಣದಿಂದ ಶುರುವಾಗುವ ಹೆಚ್ಚಿನ ನಾನ್-ಹಾಡ್ಜ್‌ಕಿನ್ ಲಿಂಫೋಮಾಗಳಿಗೆ ಜೊತೆಗೆ ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೆ ಮೊದಲು ಹೆಪಟೈಟಿಸ್ ಬಿ ಟೆಸ್ಟ್ ಆಗಿರಲೇಬೇಕು. ಮುಂದೆ ಮಕ್ಕಳು ಬೇಕು ಎನ್ನುವ ವಯಸ್ಸಿನವರು ಕೀಮೋಗೆ ಮೊದಲೇ ಆ ಮಾತೆತ್ತಿ.

ಹಾಸನದ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಅಥವಾ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಪತ್ರ ತೆಗೆದುಕೊಂಡೇ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆ ಕಡೆಗೋ ಹೊರಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ರೈಲಿನಲ್ಲೂ ರೋಗಿಗೆ ಮತ್ತು ಜೊತೆಗೆ ಹೋಗುವ ಒಬ್ಬರಿಗೆ ರಿಯಾಯಿತಿ ಇದೆ. ಆಸ್ಪತ್ರೆಯಲ್ಲಿ ರೈಲ್ವೆ ನಮೂನೆಯ ಸರ್ಟಿಫಿಕೇಟ್ ಕೇಳಿ.

ಪ್ರತಿ ಸಲ ಕೀಮೋ ಮುಗಿಸಿ ಮನೆಗೆ ಬಂದ ಮೇಲೆ ಜ್ವರದ ಬಗ್ಗೆ ಎಚ್ಚರ. ಏಳರಿಂದ ಹದಿನಾಲ್ಕನೇ ದಿನದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ದಾಟಿದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯಬೇಡಿ. ಕಳಸದ ಕಡೆಯವರು, ಸಕಲೇಶಪುರದ ಒಳಗಿನ ತೋಟಗಳಲ್ಲಿರುವವರು ರಾತ್ರಿ ಯಾರ ಗಾಡಿ ಸಿಗುತ್ತದೆ ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಕೀಮೋ ಫೈಲ್ ತೋರಿಸಿ, ಕೊನೆಯ ಕೀಮೋ ಎಂದು ಆಯಿತು ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳಿ.