ಗಂಧಕ ಹಚ್ಚಿದ್ದು ತಲೆಗೆ, ಕಪ್ಪಾಗಿದ್ದು ಕರಡಿಗೆ: ನನ್ನ ಅನುಭವ

ಮೊದ್ಲು ಕರಡಿಗೆ ಕಥೆನೇ ಹೇಳ್ಬಿಡ್ತೀನಿ. ಕೊರಳಲ್ಲಿರೋ ಬೆಳ್ಳಿ ಕರಡಿಗೆ, ಅಂದ್ರೆ ಇಷ್ಟಲಿಂಗ ಇಡೋ ಡಬ್ಬಿ, ನಮ್ಮಜ್ಜ ಮಾಡಿಸಿಕೊಟ್ಟಿದ್ದು, ಒಂದಿನ ಬೆಳಗ್ಗೆ ಪೂಜೆಗೆ ಕೂತಾಗ ನೋಡ್ತೀನಿ, ಒಲೆ ಮೇಲಿನ ಬಾಣಲಿ ತಳ ಇದ್ದಂಗೆ ಕಪ್ಪಗಾಗಿದೆ. ಅವ್ವ ನೋಡಿ ಗಾಬರಿಯಾಗಿ ಯಾರದೋ ಕಣ್ಣು ಬಿದ್ದೈತಿ ಅಂತ ಉಪ್ಪು ಮೆಣಸಿನಕಾಯಿ ತರೋಕೆ ಹೊರಟೇಬಿಟ್ಲು. ಕಣ್ಣೂ ಇಲ್ಲ ಏನೂ ಇಲ್ಲ, ರಾತ್ರಿ ತಲೆಗೆ ಗಂಧಕದ ಮುಲಾಮು ಮೆತ್ತಿಕೊಂಡು ಮಲಗಿದ್ದೆ, ಅದು ಕುತ್ತಿಗೆಗೆ ಇಳಿದು ಬೆಳ್ಳಿಗೆ ತಾಗಿದೆ ಅಷ್ಟೇ. ಬೆಳ್ಳಿ ಗಂಧಕ ಸೇರಿದ್ರೆ ಸಿಲ್ವರ್ ಸಲ್ಫೈಡ್ ಆಗುತ್ತೆ, ಅದು ಕಪ್ಪು. ವಿಭೂತಿ ಹಾಕಿ ಅರ್ಧ ತಾಸು ತಿಕ್ಕಿದೆ, ಮೇಲಿನದು ಹೋಯ್ತು, ಕೆತ್ತನೆ ಸಂದಿಯಲ್ಲಿರೋದು ಇವತ್ತಿಗೂ ಹೋಗಿಲ್ಲ. ಹಂಗಾಗಿ ಗಂಧಕ ಹಚ್ಚೋರು ಯಾರೇ ಇದ್ರೂ ಮೊದ್ಲು ಮೈಮೇಲಿನ ಬೆಳ್ಳಿ ತೆಗೆದಿಡಿ.

ನಾನು ದಾವಣಗೆರೆಯವನು, ಪಿ.ಜೆ. ಬಡಾವಣೆ ಕಡೆ ಒಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ, ವಯಸ್ಸು 36. ಮೂವತ್ತರಿಂದಲೇ ಮುಂದೆ ಎರಡೂ ಕಡೆ ಕೂದ್ಲು ಹಿಂದೆ ಸರಿಯೋಕೆ ಶುರುವಾಗಿತ್ತು, ಅದರ ಜೊತೆ ವಿಪರೀತ ಹೊಟ್ಟು, ಕರಿ ಅಂಗಿ ಹಾಕೋದನ್ನೇ ಬಿಟ್ಟಿದ್ದೆ. ಕಟಿಂಗ್ ಮಾಡೋ ಹುಡುಗ ಒಂದಿನ ಕನ್ನಡಿ ಹಿಂದೆ ಹಿಡಿದು "ಅಣ್ಣ, ಇಲ್ನೋಡ್ರಿ ಹುಳ ತಿಂದೈತಿ" ಅಂದ. ಹಿಂದೆ ಕಿವಿ ಹತ್ರ ಒಂದು ರೂಪಾಯಿ ನಾಣ್ಯದಷ್ಟು ಅಗಲ ನುಣ್ಣಗಾಗಿತ್ತು. ಅವತ್ತು ರಾತ್ರಿ ಮೊಬೈಲ್ ಹಿಡ್ಕೊಂಡು ಕೂತವನು ಬೆಳಗಿನ ಜಾವದವರೆಗೂ ಏಳಲಿಲ್ಲ, ಎಲ್ಲಿ ನೋಡಿದ್ರೂ ಒಂದೇ ಮಾತು, ಕೂದಲಲ್ಲಿ ಗಂಧಕ ಇದೆ, ಗಂಧಕ ಕಮ್ಮಿಯಾದ್ರೆ ಕೂದ್ಲು ಉದುರುತ್ತೆ, ಗಂಧಕ ಹಚ್ಚಿ ಕೂದ್ಲು ಬರುತ್ತೆ.

ಅರ್ಧ ನಿಜ ಇರೋ ಮಾತು ಪೂರ್ತಿ ಸುಳ್ಳಿಗಿಂತ ಜಾಸ್ತಿ ದುಡ್ಡು ಕೀಳುತ್ತೆ ನೋಡಿ. ಕೂದಲಲ್ಲಿ ಗಂಧಕ ಇರೋದು ನಿಜಾನೇ, ತೂಕದಲ್ಲಿ ಹೆಚ್ಚುಕಮ್ಮಿ 5 ಪರ್ಸೆಂಟ್, ಕೆರಾಟಿನ್ ಅನ್ನೋ ಪ್ರೋಟೀನಿನ ಎಳೆಗಳನ್ನ ಒಂದಕ್ಕೊಂದು ಕಟ್ಟಿ ಹಿಡಿಯೋದೇ ಗಂಧಕದ ಕೊಂಡಿ, ಕೂದ್ಲು ಸುಟ್ಟಾಗ ಆ ಕೆಟ್ಟ ವಾಸನೆ ಬರೋದೂ ಅದರಿಂದಾನೇ. ಆದ್ರೆ ಅದು ಕೂದಲಿಗೆ ಸೇರೋದು ಬುಡದಲ್ಲಿ, ರಕ್ತದಿಂದ, ನಾವು ತಿಂದ ಪ್ರೋಟೀನಿಂದ. ಮೇಲಿಂದ ಪುಡಿ ಸುರಿದ್ರೆ ಒಳಗೆ ಹೋಗಿ ಕೊಂಡಿ ಹಾಕ್ಕೊಳ್ಳಲ್ಲ. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಮೊದಲ ಪ್ರಯತ್ನ, ಚಳ್ಳಕೆರೆ ಕಡೆ ಇರೋ ನಮ್ಮ ಸೋದರಮಾವ ಮೆಣಸಿನ ಗಿಡಕ್ಕೆ ಬೂದಿರೋಗ ಬಂದಾಗ ಹೊಡಿಯೋ ಗಂಧಕದ ಪುಡಿ ಒಂದು ಚೀಟಿ ಕಟ್ಟಿ ಕಳಿಸಿದ್ರು, "ಗಂಧಕ ಎಲ್ಲಾ ಒಂದೇ ಕಣೋ ಅಳಿಯಾ" ಅಂತ. ಒಂದೇ ಅಲ್ಲ ಮಾವ. ಅದರಲ್ಲಿ ನೀರಲ್ಲಿ ಕದಡಲಿ ಅಂತ ಬೇರೆ ಏನೇನೋ ಕಲಸಿರ್ತಾರೆ, ಪ್ಯಾಕೆಟ್ ಮೇಲೆ ಚರ್ಮಕ್ಕೆ ತಾಗಿಸಬೇಡಿ ಅಂತ ಬೇರೆ ಬರೆದಿತ್ತು, ಪುಣ್ಯಕ್ಕೆ ಓದಿದೆ. ಆಮೇಲೆ ಮೆಡಿಕಲ್ ಶಾಪಿಗೆ ಹೋಗಿ ಗಂಧಕದ ಮುಲಾಮು ಕೇಳಿದೆ, ಕಜ್ಜಿಗೆ ಹಚ್ಚೋ 10 ಪರ್ಸೆಂಟಿಂದು ಕೊಟ್ರು, ಯಾಕೆ ಏನು ಅಂತ ಅವರೂ ಕೇಳಲಿಲ್ಲ ನಾನೂ ಹೇಳಲಿಲ್ಲ. ದಿನಾ ರಾತ್ರಿ ಮೆತ್ತೋದು, ಮೇಲೆ ಪ್ಲಾಸ್ಟಿಕ್ ಟೋಪಿ. ವ್ಯಾಸಲೀನ್ ತರದ ಜಿಡ್ಡು, ನಮ್ಮ ಮನೆ ಬೋರ್ ನೀರಿಗೆ ಶಾಂಪೂ ನೊರೆ ಬರೋದೇ ಕಷ್ಟ, ಬೆಳಗ್ಗೆ ಮೂರು ಸಲ ತೊಳೆದ್ರೂ ತಲೆ ಬೆಣ್ಣೆ ದೋಸೆ ಕಾವಲಿ ಇದ್ದಂಗೆ ಇರೋದು. ವಾಸನೆ ಬೇರೆ. ಡಬ್ಬಿಯಲ್ಲಿದ್ದಾಗ ಅಷ್ಟಿಲ್ಲ, ಚರ್ಮಕ್ಕೆ ತಾಗಿದ ಮೇಲೆ ಕೊಳೆತ ಮೊಟ್ಟೆ ವಾಸನೆ ಏಳುತ್ತೆ. ನಮ್ಮದು ಮೊಟ್ಟೆ ತರದೇ ಇರೋ ಮನೆ. ಅವ್ವ ಎರಡು ದಿನ ಸುಮ್ಮನಿದ್ದು ಮೂರನೇ ದಿನ ನನ್ನ ಹೆಂಡತಿನ ಅಡುಗೆಮನೆಗೆ ಕರೆದು ಮೆಲ್ಲಗೆ ವಿಚಾರಿಸಿದ್ಲಂತೆ, ಇವನು ಹೊರಗೆ ಏನಾದ್ರೂ ತಿಂದು ಬರ್ತಾನೇನು ಅಂತ.

ಆರನೇ ರಾತ್ರಿಗೆ ತಲೆ ಉರಿ ಉರಿ. ನೆತ್ತಿ ಕೆಂಪಾಗಿ ಸಿಪ್ಪೆ ಏಳೋಕೆ ಶುರು, ಬಾಚಿದ್ರೆ ಮೊದಲಿಗಿಂತ ಜಾಸ್ತಿ ಕೂದ್ಲು ಕೈಗೆ. ಆಗ ಹೆಂಡತಿ "ರೀ, ಇನ್ನು ಆ ಡಬ್ಬಿ ಮುಟ್ಟಿದ್ರೆ ನಾನೇ ಚರಂಡಿಗೆ ಎಸಿತೀನಿ, ನಡೀರಿ ಡಾಕ್ಟ್ರ ಹತ್ರ" ಅಂತ ಕರ್ಕೊಂಡು ಹೋದ್ಲು.

ಚರ್ಮದ ಡಾಕ್ಟರ್ ಮೇಡಂ ಲೈಟ್ ಇರೋ ಒಂದು ಭೂತಗನ್ನಡಿ ಇಟ್ಟು ತಲೆ ಪೂರ್ತಿ ನೋಡಿದ್ರು. ಆಮೇಲೆ ಹೇಳಿದ್ದು ಕೇಳಿ ನನ್ನ ರಾತ್ರಿಯೆಲ್ಲಾ ಓದಿದ್ದು ವೇಸ್ಟ್ ಅನ್ನಿಸ್ತು. ನಂಗಿರೋದು ಒಂದಲ್ಲ ಮೂರು ತೊಂದರೆ ಅಂತೆ. ಹೊಟ್ಟು, ನವೆ ಇರೋದು ಸೆಬೊರಿಕ್ ಡರ್ಮಟೈಟಿಸ್, ತಲೆಯ ಜಿಡ್ಡು ತಿಂದು ಬದುಕೋ ಮಲಸೀಜಿಯಾ ಅನ್ನೋ ಈಸ್ಟಿನ, ಅಂದ್ರೆ ಒಂದು ತರದ ಫಂಗಸ್ಸಿನ ಕಿತಾಪತಿ. ಹಿಂದೆ ನಾಣ್ಯದಷ್ಟು ಆಗಿರೋದು ಅಲೋಪೇಶಿಯಾ ಏರಿಯೇಟಾ, ಹುಳನೂ ಇಲ್ಲ ಗಿಳನೂ ಇಲ್ಲ, ನಮ್ಮ ದೇಹದ ರೋಗನಿರೋಧಕ ಶಕ್ತಿನೇ ಕೂದಲ ಬುಡದ ಮೇಲೆ ತಿರುಗಿ ಬೀಳೋದು. ಮುಂದೆ ಸರೀತಿರೋದು ಗಂಡಸರಿಗೆ ಬರೋ ಮಾಮೂಲಿ ಬೋಳು, ವಂಶದ್ದು ಮತ್ತೆ ಹಾರ್ಮೋನಿಂದು. "ನೀವು ಮೂರಕ್ಕೂ ಒಂದೇ ಔಷಧಿ ಹಚ್ಚಿದೀರ, ಅದೂ ಕಜ್ಜಿದು" ಅಂತ ನಕ್ಕರು, ನಗೋ ವಿಷಯನೇ ಬಿಡಿ.

ಮಜಾ ಏನಂದ್ರೆ ಅವರೂ ಗಂಧಕನೇ ಬರೆದುಕೊಟ್ರು. ಆದ್ರೆ ಹೊಟ್ಟಿಗೆ ಮಾತ್ರ, ಅದೂ ಕಮ್ಮಿ ಪ್ರಮಾಣದ್ದು, ಸ್ಯಾಲಿಸಿಲಿಕ್ ಆಸಿಡ್ ಜೊತೆ ಸೇರಿರೋ ಲೋಷನ್. ಇವೆರಡೂ ಸೇರಿದ್ರೆ ಮೇಲೆ ಗಟ್ಟಿಯಾಗಿ ಕೂತಿರೋ ಸಿಪ್ಪೆ ಸಡಿಲ ಆಗಿ ಬಿಟ್ಕೊಳ್ಳುತ್ತೆ, ಗಂಧಕ ಸ್ವಲ್ಪ ಮಟ್ಟಿಗೆ ಫಂಗಸ್ಸನ್ನೂ ತಡೆಯುತ್ತೆ. ಮೊದ್ಲು ಎರಡು ವಾರ ಏನೂ ಹಚ್ಚದೆ ಉರಿ ಆರಬೇಕು, ಆಮೇಲೆ ವಾರಕ್ಕೆ ಎರಡು ರಾತ್ರಿ ಲೋಷನ್, ಮಾರನೇ ದಿನ ಫಂಗಸ್ ತಡೆಯೋ 2 ಪರ್ಸೆಂಟ್ ಕೀಟೋಕೋನಜೋಲ್ ಶಾಂಪೂ ಹಾಕಿ ಐದು ನಿಮಿಷ ನೊರೆ ಬಿಟ್ಟು ತೊಳೆಯೋದು. ನಮ್ಮ ಭಾವನಿಗೆ ಸಲ್ಫಾ ಅನ್ನೋ ಆಂಟಿಬಯೋಟಿಕ್ ಮಾತ್ರೆ ಆಗಲ್ಲ, ಮೈಯೆಲ್ಲಾ ದದ್ದು, ಅವನೂ ಕೇಳ್ತಿದ್ದ ಅಂತ ಅದನ್ನೂ ಕೇಳಿದೆ, ಸಲ್ಫಾ ಔಷಧಿ ಬೇರೆ ಗಂಧಕ ಬೇರೆ, ಹೆಸರು ಹತ್ತಿರ ಇದೆ ಅಂತ ಅಲರ್ಜಿ ಒಂದೇ ಆಗಲ್ಲ ಅಂದ್ರು.

ಹಚ್ಚೋ ರೀತಿ ನಾನು ಕಲಿತಿದ್ದು ಹೀಗೆ. ಮೊದಲ ಸಲ ಕಿವಿ ಹಿಂದೆ ಒಂದು ಚುಕ್ಕಿ ಹಚ್ಚಿ ಒಂದು ದಿನ ಕಾದೆ, ಸುಟ್ಟ ಬುದ್ಧಿ ನೋಡಿ. ಕೂದಲಿಗೆ ಅಲ್ಲ ಚರ್ಮಕ್ಕೆ ತಾಗಬೇಕು, ಅದಕ್ಕೆ ಬಾಚಣಿಗೆ ಹಿಂಬದಿಯಿಂದ ಬೈತಲೆ ತೆಗೀತಾ ತೆಗೀತಾ ಸಾಲು ಸಾಲಾಗಿ ಹಚ್ಚಬೇಕು. ಗಂಧಕ ನೀರಲ್ಲಿ ಕರಗಲ್ಲ, ತಳಕ್ಕೆ ಕೂತಿರುತ್ತೆ, ಪ್ರತೀ ಸಲ ಬಾಟಲಿ ಚೆನ್ನಾಗಿ ಅಲ್ಲಾಡಿಸಬೇಕು, ಇಲ್ಲಾಂದ್ರೆ ಮೊದಲ ವಾರ ಬರೀ ನೀರು ಹಚ್ಚಿ ಕೊನೆ ವಾರ ಬರೀ ಗಂಧಕ ಹಚ್ಚಿದಂಗೆ ಆಗುತ್ತೆ. ದಿಂಬಿಗೆ ಹಳೇ ಪಂಚೆ ಸುತ್ತಿದ್ದೆ. ಗಾಯ, ಗುಳ್ಳೆ ಇರೋ ಜಾಗ ಬಿಟ್ಟೆ. ಮೂರನೇ ವಾರಕ್ಕೆ ನವೆ ನಿಂತಿತು, ಆರನೇ ವಾರಕ್ಕೆ ಹೊಟ್ಟು ಮುಕ್ಕಾಲು ಪಾಲು ಹೋಗಿತ್ತು, ಬಚ್ಚಲ ಜಾಲರಿಯಲ್ಲಿ ಸಿಗೋ ಕೂದ್ಲೂ ಕಮ್ಮಿಯಾಯ್ತು. ಹಂಗಂತ ಹೊಸದಾಗಿ ಹುಟ್ಟಿದ್ದಲ್ಲ, ಕೆರೆದು ಕೆರೆದು ಕೀಳ್ತಿದ್ದಿದ್ದು ನಿಂತಿತು ಅಷ್ಟೇ. ದಿನಕ್ಕೆ 50ರಿಂದ 100 ಎಳೆ ಎಲ್ಲರಿಗೂ ಉದುರುತ್ತೆ.

ಆ ನಾಣ್ಯದ ಜಾಗಕ್ಕೆ ಈರುಳ್ಳಿ ರಸ ಹಚ್ಚಿದೆ. ಮೇಡಂ ಬೇಡ ಅನ್ನಲಿಲ್ಲ, ಕೆಂಪಾದ್ರೆ ನಿಲ್ಲಿಸಿ ಅಂದ್ರು. ಇದೂ ಗಂಧಕದ ಬಾಬ್ತೇ, ಈರುಳ್ಳಿ ಹೆಚ್ಚಿದಾಗ ಕಣ್ಣಲ್ಲಿ ನೀರು ತರಿಸೋದು ಗಂಧಕದ ಸಂಯುಕ್ತ. ಇದರ ಮೇಲೆ ಬಾಗ್ದಾದಿನಲ್ಲಿ ಮಾಡಿದ ಒಂದು ಸ್ಟಡಿ 2002ರಲ್ಲಿ ಪ್ರಕಟ ಆಗಿದೆ, ದಿನಕ್ಕೆ ಎರಡು ಸಲ ಎರಡು ತಿಂಗಳು ರಸ ಹಚ್ಚಿದ 23 ಜನರಲ್ಲಿ 20 ಜನಕ್ಕೆ ಆರು ವಾರದಲ್ಲೇ ಕೂದ್ಲು ಬಂತು, ಬರೀ ನಲ್ಲಿ ನೀರು ಹಚ್ಚಿದ 15 ಜನರಲ್ಲಿ ಇಬ್ಬರಿಗೆ. ಚಿಕ್ಕ ಸ್ಟಡಿ, ಮತ್ತೆ ಅದು ಈ ನಾಣ್ಯದ ತರದ ಬೋಳಿಗೆ ಮಾತ್ರ. ಈರುಳ್ಳಿ ಎಣ್ಣೆ ಮಾರೋರು ಈ ಕೊನೇ ಮಾತು ಮಾತ್ರ ಹೇಳಲ್ಲ.

ಮಾವನ ಹೊಲದ ಈರುಳ್ಳಿ ಮೂಟೆನೇ ಇತ್ತು, ರೇಟ್ ಬಿದ್ದಿದ್ದ ವರ್ಷ, ಕಿತ್ತ ಕೂಲಿನೂ ಹುಟ್ಟಲ್ಲ ಅಂತ ಎಷ್ಟೋ ಜನ ಹೊಲದಲ್ಲೇ ಬಿಟ್ಟಿದ್ರು. ದಿನಾ ಅರ್ಧ ಗಡ್ಡೆ ತುರಿದು ಬಟ್ಟೇಲಿ ಹಿಂಡಿ ಹತ್ತಿಯಲ್ಲಿ ಅದ್ದಿ ಹಚ್ಚೋದು, ಅರ್ಧ ಗಂಟೆ ಬಿಟ್ಟು ತೊಳೆಯೋದು. ಹಿಂಡಿ ಫ್ರಿಜ್ಜಲ್ಲಿ ಇಡ್ತಿರಲಿಲ್ಲ, ಘಾಟು ಹೋದ್ರೆ ಅದರಲ್ಲಿ ಉಳಿಯೋದೇನು. ಅಂಗಡಿಗೆ ಬಂದ ಕಾಲೇಜ್ ಹುಡುಗ್ರು "ಅಣ್ಣ ಇಲ್ಲೇ ಹತ್ರ ಮಂಡಕ್ಕಿ ಗಿರ್ಮಿಟ್ ಸಿಗುತ್ತಾ" ಅಂತ ಕೇಳಿದ್ದೂ ಆಯ್ತು. ಏಳನೇ ವಾರ ಕೂದ್ಲು ಕಾಣಿಸ್ತು, ಬೆಳ್ಳಗೆ, ಮುದುಕರ ಮೀಸೆ ಇದ್ದಂಗೆ. ಹೆದರಿದ್ದೆ, ಮೊದ್ಲು ಬಿಳಿ ಬಂದು ಆಮೇಲೆ ಕಪ್ಪಾಗೋದು ಇದರಲ್ಲಿ ಮಾಮೂಲು ಅಂದ್ರು ಮೇಡಂ, ಹಂಗೇ ಆಯ್ತು. ಆದ್ರೆ ಇಷ್ಟು ಸಣ್ಣ ಜಾಗ ಆದ್ರೆ ಏನೂ ಹಚ್ಚದೇ ಇದ್ರೂ ಒಂದು ವರ್ಷದೊಳಗೆ ಬಹಳ ಜನಕ್ಕೆ ತಾನಾಗೇ ತುಂಬಿಕೊಳ್ಳುತ್ತೆ, ಹಂಗಾಗಿ ಇದು ಈರುಳ್ಳಿ ಪವಾಡ ಅಂತ ನಾನು ಎದೆ ತಟ್ಟಿ ಹೇಳಲ್ಲ.

ನಡುವೆ ಒಂದು ತಿಂಗಳು ಎಂಎಸ್‌ಎಂ ಅನ್ನೋ ಸಪ್ಲಿಮೆಂಟ್ ಪುಡಿನೂ ತರಿಸಿ ಕುಡಿದೆ, ಮೂರನೇ ಒಂದು ಭಾಗ ಗಂಧಕನೇ ಅದರಲ್ಲಿ. ಹೊಟ್ಟೆ ಉಬ್ಬರಿಸಿದ್ದು ಬಿಟ್ರೆ ಬೇರೇನೂ ಆಗಲಿಲ್ಲ, ನಿಲ್ಲಿಸಿದೆ. ಈಗ ಹೆಸರುಕಾಳು, ಶೇಂಗಾ, ಮೊಸರು ಸ್ವಲ್ಪ ಜಾಸ್ತಿ ತಿಂತೀನಿ.

ಮುಂದಿನ ಬೋಳು ಮಾತ್ರ ಗಂಧಕಕ್ಕೂ ಜಗ್ಗಲಿಲ್ಲ, ಈರುಳ್ಳಿಗೂ ಜಗ್ಗಲಿಲ್ಲ, ಒಂದೇ ಒಂದು ಎಳೆ ವಾಪಸ್ ಬರಲಿಲ್ಲ. ಸಂಕ್ರಾಂತಿಯಿಂದ ಮಿನಾಕ್ಸಿಡಿಲ್ ಅನ್ನೋ ಕೂದ್ಲು ಬೆಳೆಸೋಕೆ ಹಚ್ಚೋ ಔಷಧಿ ಶುರು ಮಾಡಿದೀನಿ, ಬೆಳಗ್ಗೆ ಒಂದು ಎಂಎಲ್ ರಾತ್ರಿ ಒಂದು ಎಂಎಲ್, ಮೊದಲ ತಿಂಗಳು ಇರೋದೂ ಉದುರಿ ಜೀವ ಬಾಯಿಗೆ ಬಂದಿತ್ತು, ಅದು ಹಂಗೇ ಅಂತೆ, ನಾಲ್ಕೈದು ತಿಂಗಳು ಕಾಯಬೇಕು. ಲೋಷನ್ ಹಚ್ಚೋ ರಾತ್ರಿ ಇದನ್ನ ಬಿಡ್ತೀನಿ, ಎರಡೂ ಸೇರಿದ್ರೆ ನೆತ್ತಿ ಉರಿಯುತ್ತೆ. ಲೋಷನ್ ಈಗ ಹದಿನೈದು ದಿನಕ್ಕೊಂದು ಸಲ ಅಷ್ಟೇ, ಪೂರ್ತಿ ಬಿಟ್ರೆ ಹೊಟ್ಟು ತಿರುಗಿ ಬರುತ್ತೆ. ಆ ರಾತ್ರಿ ಅವ್ವನೇ ನೆನಪು ಮಾಡ್ತಾಳೆ, "ಲೇ, ಕರಡಿಗೆ ಬಿಚ್ಚಿ ಜಗುಲಿ ಮೇಲಿಟ್ಟು ಮಲಕ್ಕೋ" ಅಂತ.